ದಾರಿ ತೋರುವವರು, ನಡೆಯುವವರು

*ಇಂದಿನ ಧಮ್ಮ ಚಿಂತನೆ*



ಇವತ್ತಿನ ಚಿಂತನೆ ಸ್ವಲ್ಪ ಉದ್ದವಿದೆ. ಬೆಳಿಗ್ಗೆ ಪೂರ್ತಿ ಓದಲು ಆಗದಿದ್ದರೆ ಅರ್ಧ ಓದಿ, ಉಳಿದದ್ದನ್ನು ರಾತ್ರಿ ವಂದನೆಯ ನಂತರ ಓದಿ. ಆದರೆ ಪೂರ್ತಿ ಓದಿ ಎಂದು ಕೇಳಿಕೊಳ್ಳುತ್ತೇನೆ. ಯಾಕೆಂದರೆ ಇದರಲ್ಲಿ ನನ್ನದೇ ಒಂದು ತಪ್ಪಿನ ವಿಷಯವೂ ಇದೆ.

ಕಳೆದ ಭಾನುವಾರ ನಾವು 'ಬುದ್ಧ ಮತ್ತು ಅವನ ಧಮ್ಮ'ದ ಮೂರನೆಯ ಭಾಗ ಓದುತ್ತಿದ್ದೆವು. ಬುದ್ಧರು ತಮ್ಮನ್ನು ಮಾರ್ಗದಾತ ಎಂದು ಕರೆದುಕೊಂಡರೇ ಹೊರತು ಮೋಕ್ಷದಾತ ಎಂದಲ್ಲ ಎಂದು ಬಾಬಾಸಾಹೇಬರು ವಿವರಿಸುವ ಜಾಗ ಅದು. ಆಗ ಬಳಗದ ಹಿರಿಯರೊಬ್ಬರು ಕೇಳಿದರು: "ಸರಿ ತಾಯಿ, ದಾರಿ ತೋರಿಸಿದ್ದಾಯ್ತು. ಶಿಷ್ಯ ನಡೆಯುವಾಗ ಎಡವಿ ಬಿದ್ದ ಅಂತ ಇಟ್ಕೊಳ್ಳಿ. ಅಲ್ಲಿಗೆ ಗುರುವಿನ ಕೆಲಸ ಮುಗೀತಾ?"

ನಾನು ಏನೋ ಒಂದು ಉತ್ತರ ಹೇಳಿದೆ. ಹೇಳುವಾಗಲೇ ನನಗೆ ಅದು ಸಮಾಧಾನವಾಗಲಿಲ್ಲ. ಪ್ರತಿ ಭಾನುವಾರ ನಮಗಿಂತ ಮೊದಲೇ ಬಂದು ಚಾಪೆ ಹಾಸುತ್ತಿದ್ದ ಹುಡುಗ ಆ ದಿನ ಬಂದಿರಲಿಲ್ಲ. ಯಾಕೆ ಬಂದಿರಲಿಲ್ಲ ಎಂದು ನನಗೆ ಗೊತ್ತಿತ್ತು. ಅದನ್ನು ಮುಂದೆ ಹೇಳುತ್ತೇನೆ.

ಆ ರಾತ್ರಿ ನನ್ನ ಅಕ್ಕನ ಮಗ ಫೋನ್ ಮಾಡಿದ್ದ. ಅವನು ಅಮೆರಿಕದ ಓಹಾಯೋ ರಾಜ್ಯದ ಕೊಲಂಬಸ್ ನಗರದಲ್ಲಿ ಓದುತ್ತಿದ್ದಾನೆ. ಮಾತಿನ ನಡುವೆ ಭಾನುವಾರದ ಪ್ರಶ್ನೆಯನ್ನು ಅವನಿಗೂ ಹೇಳಿದೆ. ಅವನು ನಕ್ಕು, "ಚಿಕ್ಕಮ್ಮ, ಇದಕ್ಕೆ ಉತ್ತರ ಇಲ್ಲಿನ ಫುಟ್‌ಬಾಲ್‌ನಲ್ಲಿದೆ" ಎಂದು ಒಂದು ಕಥೆ ಹೇಳಿ ವಿಡಿಯೋ ಕಳಿಸಿದ. ಎರಡು ರಾತ್ರಿ ಕೂತು ನೋಡಿದೆ, ಓದಿದೆ. ಆಟ ಗೊತ್ತಿಲ್ಲದ ನನ್ನಂಥವರಿಗೂ ಅರ್ಥವಾಗುವ ಹಾಗೆ ಇಲ್ಲಿ ಬರೆಯುತ್ತೇನೆ.

*ಆಟ ಯಾವುದು?*

ಇದು ನಾವು ನೋಡುವ ಕಾಲ್ಚೆಂಡಾಟ ಅಲ್ಲ. ಅಮೆರಿಕದವರ ಫುಟ್‌ಬಾಲ್‌ನಲ್ಲಿ ಕಾಲಿಗಿಂತ ಕೈಗೇ ಕೆಲಸ ಹೆಚ್ಚು. ಚೆಂಡು ಮೊಟ್ಟೆಯಾಕಾರದ್ದು. ಒಂದು ತಂಡದಿಂದ 11 ಜನ. ಮೈದಾನದ ಉದ್ದ 100 ಗಜ, ಎರಡೂ ತುದಿಯಲ್ಲಿ ಇನ್ನೂ ಹತ್ತು ಹತ್ತು ಗಜದ ಅಂಕಣ. ಎದುರಾಳಿಯ ತುದಿಯ ಅಂಕಣಕ್ಕೆ ಚೆಂಡನ್ನು ಒಯ್ದರೆ ಅಥವಾ ಅಲ್ಲಿ ನಿಂತು ಹಿಡಿದರೆ ಆರು ಅಂಕ. ಅದಕ್ಕೆ ಟಚ್‌ಡೌನ್ ಎನ್ನುತ್ತಾರೆ. ಅದರ ಬೆನ್ನಿಗೆ ಒಂದು ಒದೆತದಿಂದ ಇನ್ನೊಂದು ಅಂಕ ಗಳಿಸಬಹುದು.

ಚೆಂಡು ಎಸೆಯುವವನು ಕ್ವಾರ್ಟರ್‌ಬ್ಯಾಕ್. ಎಸೆದ ಚೆಂಡನ್ನು ದೂರ ಓಡಿ ಹಿಡಿಯುವವರಲ್ಲಿ ಮುಖ್ಯರಾದವರು ವೈಡ್ ರಿಸೀವರ್‌ಗಳು. ಸಾಲಿನ ತೀರಾ ಅಂಚಿನಲ್ಲಿ, ಉಳಿದವರಿಂದ ದೂರ ನಿಲ್ಲುವುದರಿಂದ ಅವರಿಗೆ ಆ ಹೆಸರು.

ಇಲ್ಲೊಂದು ಸೂಕ್ಷ್ಮವಿದೆ. ರಿಸೀವರ್ ತನಗೆ ತೋಚಿದ ಕಡೆ ಓಡುವಂತಿಲ್ಲ. ಎಷ್ಟು ಹೆಜ್ಜೆ ನೇರ ಓಡಬೇಕು, ಎಲ್ಲಿ ತಿರುಗಬೇಕು, ಯಾವ ಕಡೆಗೆ ತಿರುಗಬೇಕು ಎಂಬುದೆಲ್ಲ ಮೊದಲೇ ಗೊತ್ತಾಗಿರುತ್ತದೆ. ಆ ದಾರಿಗೆ ರೂಟ್ ಎನ್ನುತ್ತಾರೆ. ಕ್ವಾರ್ಟರ್‌ಬ್ಯಾಕ್ ಎಷ್ಟೋ ಸಲ ರಿಸೀವರ್ ಇರುವ ಕಡೆ ಎಸೆಯುವುದಿಲ್ಲ, ಅವನು ಬಂದು ತಲುಪಬೇಕಾದ ಜಾಗಕ್ಕೆ ಎಸೆಯುತ್ತಾನೆ. ಚೆಂಡು ಕೈಬಿಟ್ಟಾಗ ಆ ಜಾಗ ಖಾಲಿ ಇರುತ್ತದೆ. ಇವನು ಬರುತ್ತಾನೆ ಎಂಬ ನಂಬಿಕೆಯ ಮೇಲೆ ಚೆಂಡು ಗಾಳಿಯಲ್ಲಿ ಹೋಗುತ್ತದೆ.

ಇದನ್ನು ಕೇಳಿದಾಗ ನನಗೆ 'ಸದ್ಧಾ' ಎಂಬ ಪಾಳಿ ಪದ ನೆನಪಾಯಿತು. ನಾವು ಅದನ್ನು ಶ್ರದ್ಧೆ ಎನ್ನುತ್ತೇವೆ. ಬುದ್ಧರು ಹೇಳಿದ ಶ್ರದ್ಧೆ ಕಣ್ಣುಮುಚ್ಚಿ ಕೈಮುಗಿಯುವುದಲ್ಲ. ನೂರಾರು ಸಲ ಒಟ್ಟಿಗೆ ಅಭ್ಯಾಸ ಮಾಡಿ, ಪರೀಕ್ಷಿಸಿ ನೋಡಿದ ಮೇಲೆ ಹುಟ್ಟುವ ನಂಬಿಕೆ ಅದು.

*ಅಂಚಿನಲ್ಲಿ ನಿಂತವರು*

ಅಮೆರಿಕದ ಕಾಲೇಜು ತಂಡಗಳಲ್ಲಿ ಒಬ್ಬರೇ ಕೋಚ್ ಇರುವುದಿಲ್ಲ. ಮುಖ್ಯ ಕೋಚ್‌ನ ಕೆಳಗೆ ಪ್ರತಿಯೊಂದು ಸ್ಥಾನಕ್ಕೂ ಬೇರೆ ಕೋಚ್ ಇರುತ್ತಾರೆ. ಅವರನ್ನು ಪೊಸಿಷನ್ ಕೋಚ್ ಎನ್ನುತ್ತಾರೆ. ನಮ್ಮ ಹೈಸ್ಕೂಲಿನ ಲೆಕ್ಕದಲ್ಲಿ ಮುಖ್ಯ ಕೋಚ್ ಎಂದರೆ ಹೆಡ್‌ಮಾಸ್ಟರು, ಪೊಸಿಷನ್ ಕೋಚ್ ಎಂದರೆ ವಿಷಯ ಶಿಕ್ಷಕರು. ಅವರ ಕೈಗೆ ಹತ್ತೋ ಹದಿನೈದೋ ಹುಡುಗರು ಬರುತ್ತಾರೆ. ಯಾರ ಹೆಜ್ಜೆ ತಡವಾಗುತ್ತದೆ, ಯಾರ ಬೆರಳು ಬಿಗಿಯಾಗಿವೆ, ಯಾರು ನಿನ್ನೆ ರಾತ್ರಿ ನಿದ್ದೆ ಮಾಡಿಲ್ಲ, ಇದೆಲ್ಲ ಗಮನಿಸಬೇಕಾದವರು ಅವರೇ.

ಕೊಲಂಬಸ್‌ನಲ್ಲಿರುವ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕೂರಬಹುದು. 2018ರಲ್ಲಿ ಅಲ್ಲಿನ ರಿಸೀವರ್‌ಗಳ ಹೊಣೆ ಬ್ರಯಾನ್ ಹಾರ್ಟ್‌ಲೈನ್ ಎಂಬವರ ಕೈಗೆ ಬಂತು. ಋತು ಆರಂಭವಾಗುವ ಹೊತ್ತಿಗೆ ತಾತ್ಕಾಲಿಕವಾಗಿ ಕೊಟ್ಟ ಕೆಲಸ ಅದು, ಮುಂದಿನ ವರ್ಷ ಖಾಯಂ ಆಯಿತು. ಅವರು ಓಹಾಯೋದವರೇ, ಅದೇ ವಿಶ್ವವಿದ್ಯಾಲಯದಲ್ಲಿ ಅದೇ ಸ್ಥಾನದಲ್ಲಿ ಆಡಿದವರು. 2009ರಿಂದ ಏಳು ಋತು ವೃತ್ತಿಪರ ತಂಡಗಳಲ್ಲಿ ಆಡಿ ಬಂದವರು. ತಾನು ನಡೆದ ದಾರಿಯನ್ನೇ ತೋರಿಸುವವರು ಎನ್ನಬಹುದು.

ಆದರೆ ಆಟದ ದಿನ ಅವರು ಎಲ್ಲಿರುತ್ತಿದ್ದರು? ಮೈದಾನದ ಅಂಚಿನ ಗೆರೆಯ ಹೊರಗೆ. ವಾರವಿಡೀ ಕಲಿಸಿದ್ದೆಲ್ಲ ಅಲ್ಲಿ ಆ ಹುಡುಗರ ಕಾಲಲ್ಲಿ, ಕೈಯಲ್ಲಿ ಇರಬೇಕಿತ್ತು. ಗೆರೆ ದಾಟಿ ಒಳಗೆ ಹೋಗಿ ಒಂದು ಚೆಂಡನ್ನಾದರೂ ಇವರು ಹಿಡಿದುಕೊಡಲು ಸಾಧ್ಯವಿರಲಿಲ್ಲ.

ಮಾರ್ಗದಾತ ಎಂಬ ಪದದ ಅರ್ಧ ಅರ್ಥ ನನಗೆ ಇಲ್ಲಿ ಕಂಡಿತು. ಇನ್ನರ್ಧ ಮುಂದಿನ ಕಥೆಯಲ್ಲಿದೆ.

*37 ಸೆಕೆಂಡುಗಳು*

ಹಾರ್ಟ್‌ಲೈನ್ ಅವರ ಶಿಷ್ಯರಲ್ಲಿ ಕ್ರಿಸ್ ಓಲಾವೆ ಎಂಬ ಹುಡುಗನಿದ್ದ. ಊರು ಕ್ಯಾಲಿಫೋರ್ನಿಯಾ. ಹೈಸ್ಕೂಲಿನಲ್ಲಿ ಅವನಿಗೆ ಅಂಥ ದೊಡ್ಡ ಹೆಸರಿರಲಿಲ್ಲ. ಅದೇ ಶಾಲೆಯ ಬೇರೊಬ್ಬ ಹುಡುಗನನ್ನು ನೋಡಲು ಬಂದಿದ್ದ ಓಹಾಯೋ ಸ್ಟೇಟ್‌ನ ಕೋಚ್ ಕಣ್ಣಿಗೆ ಇವನು ಬಿದ್ದ. 2018ರಲ್ಲಿ ಕಾಲೇಜಿಗೆ ಸೇರಿದ, ಮರುವರ್ಷ ತಂಡದ ಮುಖ್ಯ ರಿಸೀವರ್‌ಗಳಲ್ಲಿ ಒಬ್ಬನಾದ.

ಆ ವರ್ಷ, 2019ರಲ್ಲಿ, ತಂಡ ಆಡಿದ 13 ಪಂದ್ಯಗಳನ್ನೂ ಗೆದ್ದಿತ್ತು. ಡಿಸೆಂಬರ್ 28ರಂದು ಅರಿಝೋನಾದಲ್ಲಿ ಕ್ಲೆಮ್ಸನ್ ವಿಶ್ವವಿದ್ಯಾಲಯದ ಮೇಲೆ ರಾಷ್ಟ್ರೀಯ ಚಾಂಪಿಯನ್‌ಶಿಪ್‌ನ ಸೆಮಿಫೈನಲ್. ಕೊನೆಯ ಗಳಿಗೆಯಲ್ಲಿ ಕ್ಲೆಮ್ಸನ್ 29, ಓಹಾಯೋ 23. ಚೆಂಡು ಓಹಾಯೋದವರ ಕೈಯಲ್ಲಿತ್ತು. ಗುರಿಗೆ ಇನ್ನು 23 ಗಜ. ಉಳಿದಿದ್ದದ್ದು 37 ಸೆಕೆಂಡು. ಒಂದು ಟಚ್‌ಡೌನ್, ಅದರ ಬೆನ್ನಿಗೆ ಒಂದು ಅಂಕ ಬಂದಿದ್ದರೆ ಫೈನಲ್.

ಕ್ವಾರ್ಟರ್‌ಬ್ಯಾಕ್ ಜಸ್ಟಿನ್ ಫೀಲ್ಡ್ಸ್ ಚೆಂಡು ಹಿಡಿದು ಹಿಂದೆ ಸರಿದ. ಓಲಾವೆ ತನ್ನ ರೂಟ್‌ನಲ್ಲಿ ಓಡಿದ. ನೇರ ಹೋಗಿ, ಮೈದಾನದ ನಡುವಿನ ಕಡೆಗೆ ಓರೆಯಾಗಿ ತಿರುಗಿ ಮುಂದುವರಿಯಬೇಕಿತ್ತು. ಆದರೆ ಫೀಲ್ಡ್ಸ್ ತನ್ನ ಜಾಗ ಬಿಟ್ಟು ಓಡಲು ಹೊರಟಿದ್ದಾನೆ ಎಂದು ಓಲಾವೆಗೆ ಆ ಕ್ಷಣ ಅನ್ನಿಸಿತು. ಅವನಿಗೆ ನೆರವಾಗಲೆಂದು ತನ್ನ ದಾರಿ ಮುರಿದು ಬೇರೆ ಕಡೆ ತಿರುಗಿದ. ಅಷ್ಟರಲ್ಲಿ ಫೀಲ್ಡ್ಸ್ ಚೆಂಡು ಎಸೆದಾಗಿತ್ತು. ಓಲಾವೆ ಇರಬೇಕಾದ ಜಾಗದಲ್ಲಿ ಓಲಾವೆ ಇರಲಿಲ್ಲ. ಎದುರಾಳಿ ತಂಡದ ನೋಲನ್ ಟರ್ನರ್ ಇದ್ದ. ಚೆಂಡು ಅವನ ಕೈಗೆ ಹೋಯಿತು. ಆಟ ಮುಗಿಯಿತು.

ಬೇರೆ ಏನೂ ಬೇಡ, ನಿಮ್ಮನ್ನು ನೀವು ಆ ಹುಡುಗನ ಜಾಗದಲ್ಲಿ ಇಟ್ಟು ನೋಡಿ. ಲಕ್ಷಾಂತರ ಜನ ಟಿವಿಯಲ್ಲಿ ನೋಡುತ್ತಿದ್ದಾರೆ. ಎಲ್ಲರ ಬಾಯಲ್ಲೂ ಒಂದೇ ಮಾತು: ಇವನು ದಾರಿ ತಪ್ಪಿದ, ತಂಡ ಸೋತಿತು.

*ಒಂದೇ ಕಾರಣ ಎಂಬುದಿದೆಯೇ?*

ಈಗ ಒಂದು ಧಮ್ಮದ ಪ್ರಶ್ನೆ. ತಂಡ ಸೋತದ್ದು ಓಲಾವೆಯಿಂದಲೇ?

ಆ ಪಂದ್ಯದಲ್ಲಿ ಓಹಾಯೋ ಮೊದಲು 16-0 ಮುಂದಿತ್ತು. ಅದರಲ್ಲೂ ಮೂರು ಸಲ ಎದುರಾಳಿಯ ಗುರಿಯ ಹತ್ತಿರ ಹೋಗಿ, ಟಚ್‌ಡೌನ್ ಸಿಗದೆ, ಚೆಂಡನ್ನು ಒದ್ದು ಬರೀ ಮೂರು ಮೂರು ಅಂಕಕ್ಕೆ ತೃಪ್ತಿಪಟ್ಟಿತ್ತು. ಆ ಮೂರರಲ್ಲಿ ಎರಡು ಟಚ್‌ಡೌನ್ ಆಗಿದ್ದರೂ ಕೊನೆಯ 37 ಸೆಕೆಂಡಿನ ಲೆಕ್ಕ ಬೇರೆ ಇರುತ್ತಿತ್ತು. ಎದುರಾಳಿಗಳೂ ಚೆನ್ನಾಗಿ ಆಡಿದರು. ಹೀಗೆ ಎಷ್ಟೋ ಕಾರಣಗಳು ಕೂಡಿ ಒಂದು ಫಲವಾಯಿತು. ಓಲಾವೆಯ ತಪ್ಪು ಅದರಲ್ಲಿ ಒಂದು. ಕೊನೆಯಲ್ಲಿ ಬಂದದ್ದರಿಂದ ಅದು ಎಲ್ಲರ ಕಣ್ಣಿಗೆ ಬಿತ್ತು, ಅಷ್ಟೆ.

ಇದೇ ಅಲ್ಲವೇ ಪ್ರತೀತ್ಯ ಸಮುತ್ಪಾದ? ಇದು ಇದ್ದುದರಿಂದ ಅದು ಆಯಿತು, ಆದರೆ 'ಇದು' ಎಂಬುದು ಯಾವತ್ತೂ ಒಂದೇ ಒಂದಲ್ಲ. ನಾವು ಭಾನುವಾರ ಈ ಪದವನ್ನು ಚೆನ್ನಾಗಿ ಉಚ್ಚರಿಸುತ್ತೇವೆ. ಸೋಮವಾರ ಬೆಳಿಗ್ಗೆ ಮನೆಯಲ್ಲಿ, ಶಾಲೆಯಲ್ಲಿ, ಕಚೇರಿಯಲ್ಲಿ ಏನಾದರೂ ಕೆಟ್ಟರೆ ಮಾತ್ರ ಬೆರಳು ತೋರಿಸಲು ಒಬ್ಬನೇ ಒಬ್ಬನನ್ನು ಹುಡುಕುತ್ತೇವೆ.

ಇಲ್ಲಿ ನನ್ನ ತಪ್ಪನ್ನು ಹೇಳಬೇಕು.

ಎಸ್ಸೆಸ್ಸೆಲ್ಸಿ ಪರೀಕ್ಷೆ-1ರ ಫಲಿತಾಂಶ ಬಂದ ದಿನ ನಾನು ಶಾಲೆಯಲ್ಲಿದ್ದೆ. ರಜೆಯಾದರೂ ಮಕ್ಕಳೆಲ್ಲ ಬಂದಿದ್ದರು. ನಮ್ಮ ತರಗತಿಯಲ್ಲಿ ಎಲ್ಲರೂ ಪಾಸು, ಒಬ್ಬನನ್ನು ಬಿಟ್ಟು. ಗಣಿತದಲ್ಲಿ ಹೋಗಿತ್ತು. ನಮ್ಮ ಬಳಗದಲ್ಲಿ ಚಾಪೆ ಹಾಸುವ ಹುಡುಗನೇ ಅವನು. ನೂರಕ್ಕೆ ನೂರು ಬಂದರೆ ಸನ್ಮಾನ ಎಂದು ನಾವೆಲ್ಲ ಲೆಕ್ಕ ಹಾಕಿಕೊಂಡಿದ್ದೆವು. ಎಲ್ಲರ ಎದುರಿಗೇ ನಾನು ಅವನಿಗೆ, "ನೂರಕ್ಕೆ ನೂರು ನಿನ್ನೊಬ್ಬನಿಂದ ತಪ್ಪಿತಲ್ಲೋ" ಎಂದುಬಿಟ್ಟೆ.

ಅವನು ಏನೂ ಹೇಳಲಿಲ್ಲ. "ಬರ್ತೀನಿ ಮಿಸ್" ಎಂದು ಹೋದ. ಅವತ್ತಿಂದ ವಂದನೆಗೂ ಬಂದಿಲ್ಲ. ಮುಖ್ಯರಸ್ತೆಯ ಪಂಕ್ಚರ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದಾನಂತೆ. ಸಂತೆಯಲ್ಲಿ ಅವನ ತಾಯಿ ಸಿಕ್ಕಿದ್ದರು. "ಏನ್ ಮಾಡೋದು ಮಿಸ್, ನಮ್ ಹಣೇಲಿ ಬರ್ದಿರದೇ ಇಷ್ಟು" ಅಂದರು.

ಹಣೆಬರಹ ಎಂಬ ಆ ಮಾತು ನನ್ನನ್ನು ಚುಚ್ಚಿತು. ಹುಟ್ಟಿನಿಂದಲೇ ಎಲ್ಲವೂ ಬರೆದಾಗಿದೆ, ಹಿಂದಿನ ಜನ್ಮದ ಫಲ ಉಣ್ಣುತ್ತಿದ್ದೀರಿ ಎಂದು ನಮ್ಮ ಹಿರಿಯರಿಗೆ ಎಷ್ಟು ತಲೆಮಾರು ಹೇಳಿದ್ದರು. ಆ ಬರಹವನ್ನು ಒರೆಸಲೆಂದೇ ಅಲ್ಲವೇ ಬಾಬಾಸಾಹೇಬರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಧಮ್ಮ ದೀಕ್ಷೆ ಪಡೆದು, ಲಕ್ಷಾಂತರ ಜನರಿಗೂ ಕೊಟ್ಟದ್ದು? ದೀಕ್ಷೆ ಪಡೆದ ಮನೆಯಲ್ಲಿ ಆ ಮಾತು ಮತ್ತೆ ಹುಟ್ಟಿದ್ದಕ್ಕೆ ಕಾರಣಗಳಲ್ಲಿ ಒಂದು ನನ್ನ ನಾಲಿಗೆ.

ಆ ಹುಡುಗ ಗಣಿತದಲ್ಲಿ ಹೋಗಲು ಎಷ್ಟು ಕಾರಣ ಇರಬಹುದು! ಗಣಿತದ ಮೇಷ್ಟ್ರ ಹುದ್ದೆ ವರ್ಷದಲ್ಲಿ ಮೂರು ತಿಂಗಳು ಖಾಲಿ ಇತ್ತು. ಅವನು ಬೆಳಿಗ್ಗೆ ಹಾಲು ಹಾಕಿ ಶಾಲೆಗೆ ಬರುತ್ತಿದ್ದ. ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದಾಗ ಯಾಕೆ ಎಂದು ನಾನು ಒಮ್ಮೆಯೂ ಕೇಳಲಿಲ್ಲ. ಇವೆಲ್ಲ ನನಗೆ ಗೊತ್ತಿದ್ದ ವಿಷಯಗಳೇ. ಆದರೂ ಆ ದಿನ ನನಗೆ ಕಂಡದ್ದು ಅವನೊಬ್ಬನೇ.

*ಕನ್ನಡಿ*

ಓಲಾವೆಯ ಕಥೆಗೆ ಮರಳೋಣ.

ಈ ಆಟದಲ್ಲಿ ಒಂದು ಪದ್ಧತಿ ಇದೆ. ಪಂದ್ಯ ಮುಗಿದ ಮೇಲೆ ಪ್ರತಿ ಪೊಸಿಷನ್ ಕೋಚ್ ತನ್ನ ಹುಡುಗರನ್ನು ಒಂದು ಕೋಣೆಯಲ್ಲಿ ಕೂರಿಸಿ ಪಂದ್ಯದ ಚಿತ್ರೀಕರಣ ತೋರಿಸುತ್ತಾರೆ. ಒಂದೊಂದು ಓಟವನ್ನೂ ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ಮತ್ತೆ ನೋಡುತ್ತಾರೆ. ಇಲ್ಲಿ ಹೆಜ್ಜೆ ತಡವಾಯಿತು, ಇಲ್ಲಿ ತಲೆ ಬೇಗ ತಿರುಗಿತು, ಇಲ್ಲಿ ಸರಿಯಾಗಿ ಓಡಿದೆ. ಚಿತ್ರ ಸುಳ್ಳು ಹೇಳುವುದಿಲ್ಲ, ಬೈಯುವುದೂ ಇಲ್ಲ. ಇದ್ದದ್ದನ್ನು ಇದ್ದ ಹಾಗೆ ತೋರಿಸುತ್ತದೆ.

ಬುದ್ಧರು ತಮ್ಮ ಮಗ ರಾಹುಲನಿಗೆ ಅಂಬಲಟ್ಠಿಕಾದಲ್ಲಿ ಕೊಟ್ಟ ಉಪದೇಶ ನೆನಪಿಸಿಕೊಳ್ಳಿ. ಕನ್ನಡಿ ಇರುವುದು ಯಾತಕ್ಕೆ ಎಂದು ಕೇಳುತ್ತಾರೆ. ನೋಡಿಕೊಳ್ಳುವುದಕ್ಕೆ ಎನ್ನುತ್ತಾನೆ ಹುಡುಗ. ಹಾಗೆಯೇ ಪ್ರತಿ ಕೆಲಸವನ್ನೂ ಮಾಡುವ ಮೊದಲು, ಮಾಡುವಾಗ, ಮಾಡಿದ ಮೇಲೆ ನೋಡಿಕೋ ಎಂದು ಬುದ್ಧರು ಹೇಳುತ್ತಾರೆ. ಮಾಡಿದ್ದು ತಪ್ಪು ಎಂದು ಕಂಡರೆ ಗುರುವಿನ ಮುಂದೆ, ತಿಳಿದ ಸಂಗಾತಿಗಳ ಮುಂದೆ ತೆರೆದು ಹೇಳಿ, ಮುಂದೆ ಹಾಗಾಗದಂತೆ ನೋಡಿಕೊಳ್ಳಬೇಕು. ಅಲ್ಲಿ ಶಾಪವಿಲ್ಲ, ಪ್ರಾಯಶ್ಚಿತ್ತದ ದಕ್ಷಿಣೆಯಿಲ್ಲ, ಮುಂದಿನ ಜನ್ಮದ ಹೆದರಿಕೆಯಿಲ್ಲ. ನೋಡು, ಹೇಳು, ತಿದ್ದಿಕೋ. ಇಷ್ಟೇ.

ಆದರೆ ತೆರೆದು ಹೇಳಬೇಕಾದರೆ ಎದುರಿಗೆ ಹೇಳಬಹುದಾದಂಥ ಗುರು ಇರಬೇಕು. ಹೇಳಿದ ಕೂಡಲೇ ಹಂಗಿಸುವವರ ಮುಂದೆ ಯಾವ ಮಗು ಬಾಯಿ ಬಿಡುತ್ತದೆ?

ಓಲಾವೆಗೆ ಆ ಕ್ಷಣ ಸುಲಭವಾಗಿ ಮರೆಯಲಿಲ್ಲ. ಅದು ತನ್ನ ಮನಸ್ಸಿನಲ್ಲೇ ಉಳಿದಿತ್ತು ಎಂದು ಮುಂದೆ ಅವನೇ ಪತ್ರಕರ್ತರಿಗೆ ಹೇಳಿದ. ಅವನು ಓಡಿಹೋಗಲಿಲ್ಲ. ತಂಡವೂ ಅವನನ್ನು ಮೂಲೆಗೆ ಕೂರಿಸಲಿಲ್ಲ. ಮುಂದಿನ ಋತುವಿನಲ್ಲೂ ಅದೇ ಹಾರ್ಟ್‌ಲೈನ್, ಅದೇ ಕೋಣೆ, ಅದೇ ಸ್ಥಾನ. ಕೊರೋನಾ ಕಾರಣ ಆ ವರ್ಷ ಪಂದ್ಯಗಳೇ ಕಡಿಮೆಯಾದವು. ಅವನು ಆಡಿದ್ದು ಏಳೇ ಪಂದ್ಯ, ಹಿಡಿದದ್ದು 50 ಚೆಂಡು.

2021ರ ಜನವರಿ 1. ನ್ಯೂ ಆರ್ಲಿಯನ್ಸ್‌ನ ಸೂಪರ್‌ಡೋಮ್. ಮತ್ತೆ ಸೆಮಿಫೈನಲ್, ಎದುರಿಗೆ ಮತ್ತೆ ಅದೇ ಕ್ಲೆಮ್ಸನ್. ಎಸೆಯುವವನು ಅದೇ ಫೀಲ್ಡ್ಸ್. ಅವನು ಆ ದಿನ ಆರು ಟಚ್‌ಡೌನ್ ಎಸೆದ. ಅದರಲ್ಲಿ ಎರಡು ಓಲಾವೆಗೆ. ಓಲಾವೆ ಒಟ್ಟು ಆರು ಚೆಂಡು ಹಿಡಿದು 132 ಗಜ ಗಳಿಸಿದ. ಓಹಾಯೋ 49, ಕ್ಲೆಮ್ಸನ್ 28.

ಫೀಲ್ಡ್ಸ್‌ನ ಮನಸ್ಸನ್ನೂ ಗಮನಿಸಿ. ಒಮ್ಮೆ ಖಾಲಿ ಜಾಗಕ್ಕೆ ಎಸೆದು ಸೋತವನು. ಮತ್ತೆ ಅದೇ ಹುಡುಗನನ್ನು ನಂಬಿ ಎಸೆದ.

ಓಲಾವೆ ಇನ್ನೂ ಒಂದು ವರ್ಷ ಕಾಲೇಜಿನಲ್ಲೇ ಉಳಿದು, ಒಟ್ಟು 35 ಟಚ್‌ಡೌನ್ ಹಿಡಿದು ಆ ವಿಶ್ವವಿದ್ಯಾಲಯದ ದಾಖಲೆ ಮಾಡಿದ. 2022ರಲ್ಲಿ ವೃತ್ತಿಪರ ತಂಡಗಳು ಆಟಗಾರರನ್ನು ಆರಿಸಿಕೊಳ್ಳುವಾಗ ಹಾರ್ಟ್‌ಲೈನ್ ಅವರ ಇಬ್ಬರು ಶಿಷ್ಯರು ಬೆನ್ನುಬೆನ್ನಿಗೆ ಹೋದರು. ಹತ್ತನೆಯವನು ಗ್ಯಾರೆಟ್ ವಿಲ್ಸನ್, ಹನ್ನೊಂದನೆಯವನು ಓಲಾವೆ. ಓಲಾವೆಯನ್ನು ಆರಿಸಿದ್ದು ನ್ಯೂ ಆರ್ಲಿಯನ್ಸ್ ತಂಡ. ಅದೇ ಸೂಪರ್‌ಡೋಮ್ ಅವನ ತವರು ಮೈದಾನವಾಯಿತು.

ಗೆದ್ದದ್ದರಿಂದ ಈ ಕಥೆ ದೊಡ್ಡದು ಎಂದುಕೊಳ್ಳಬೇಡಿ. ಆ ಗೆಲುವಿನ ಹತ್ತೇ ದಿನಕ್ಕೆ ಫೈನಲ್‌ನಲ್ಲಿ ಅಲಬಾಮ ತಂಡ ಇವರನ್ನು 52-24ರಿಂದ ಸೋಲಿಸಿತು. ಲಾಭ, ನಷ್ಟ ಎರಡೂ ಬಂದು ಹೋಗುತ್ತವೆ. ಒಂದು ವೇಳೆ 2021ರಲ್ಲೂ ಓಲಾವೆಯ ಕೈಯಿಂದ ಚೆಂಡು ಜಾರಿದ್ದರೆ, ಅವನ ಜಾಗ ಉಳಿಸಿದ್ದು ತಪ್ಪಾಗುತ್ತಿತ್ತೇ? ಇಲ್ಲ. ಜಾಗ ಉಳಿಸುವುದು ಗುರುವಿನ ಕೆಲಸ. ಚೆಂಡು ಹಿಡಿಯುವುದು ಶಿಷ್ಯನ ಕೆಲಸ. ಅವನ ಫಲ ನೋಡಿ ಇವರ ಕೆಲಸಕ್ಕೆ ಬೆಲೆ ಕಟ್ಟಬಾರದು.

*ಲೆಕ್ಕಿಗ ಮೊಗ್ಗಲ್ಲಾನ*

ಭಾನುವಾರ ನಾವು ಅರ್ಧಕ್ಕೆ ನಿಲ್ಲಿಸಿದ ಕಥೆಯನ್ನು ಈಗ ಪೂರ್ತಿ ಮಾಡೋಣ.

ಶ್ರಾವಸ್ತಿಯಲ್ಲಿ, ಮಿಗಾರಮಾತೆಯ ಪ್ರಾಸಾದದಲ್ಲಿ ಬುದ್ಧರಿದ್ದಾಗ ಮೊಗ್ಗಲ್ಲಾನ ಎಂಬ ಲೆಕ್ಕಿಗ ಬರುತ್ತಾನೆ. ನಾವು ಶಿಷ್ಯರಿಗೆ ಮೊದಲು ಒಂದು, ಎರಡು ಎಂದು ಎಣಿಸಲು ಕಲಿಸಿ ನೂರರವರೆಗೆ ಒಯ್ಯುತ್ತೇವೆ, ನಿಮ್ಮಲ್ಲೂ ಹಾಗೆ ಹಂತ ಹಂತದ ಅಭ್ಯಾಸ ಇದೆಯೇ ಎಂದು ಕೇಳುತ್ತಾನೆ. ಇದೆ ಎಂದು ಬುದ್ಧರು ವಿವರಿಸುತ್ತಾರೆ: ಮೊದಲು ಶೀಲ, ಆಮೇಲೆ ಇಂದ್ರಿಯಗಳ ಕಾವಲು, ಊಟದಲ್ಲಿ ಮಿತಿ, ಎಚ್ಚರ, ಧ್ಯಾನ.

ಹಾಗಾದರೆ ನಿಮ್ಮ ಶಿಷ್ಯರೆಲ್ಲ ಗುರಿ ಮುಟ್ಟುತ್ತಾರೆಯೇ ಎಂದು ಲೆಕ್ಕಿಗ ಕೇಳುತ್ತಾನೆ. ಕೆಲವರು ಮುಟ್ಟುತ್ತಾರೆ, ಕೆಲವರು ಇಲ್ಲ. ಗುರಿ ಇದೆ, ದಾರಿ ಇದೆ, ದಾರಿ ತೋರುವ ನೀವೂ ಇದ್ದೀರಿ, ಮತ್ತೆ ಯಾಕೆ ಹೀಗೆ? ಬುದ್ಧರು ತಿರುಗಿ ಕೇಳುತ್ತಾರೆ: ರಾಜಗೃಹದ ದಾರಿ ನಿನಗೆ ಗೊತ್ತಲ್ಲ, ಇಬ್ಬರು ಬಂದು ಕೇಳಿದರು, ಇಬ್ಬರಿಗೂ ಒಂದೇ ರೀತಿ ಹೇಳಿದೆ. ಒಬ್ಬ ಸರಿಯಾಗಿ ಹೋದ, ಒಬ್ಬ ತಪ್ಪು ದಾರಿ ಹಿಡಿದ. ಅದಕ್ಕೆ ನೀನೇನು ಮಾಡುವೆ? ನಾನೇನು ಮಾಡಲಿ, ದಾರಿ ತೋರಿಸುವವನಷ್ಟೇ ನಾನು ಎನ್ನುತ್ತಾನೆ ಲೆಕ್ಕಿಗ. ನಾನೂ ಅಷ್ಟೇ ಎನ್ನುತ್ತಾರೆ ಬುದ್ಧರು.

ಈ ಕಥೆಯನ್ನು ನಾನು ಇಷ್ಟು ವರ್ಷ ಒಂದೇ ರೀತಿ ಓದುತ್ತಿದ್ದೆ: ನಡೆಯದಿದ್ದರೆ ಶಿಷ್ಯನದೇ ಹೊಣೆ. ಈಗ ಒಂದು ವಿಷಯ ಹೊಸದಾಗಿ ಕಾಣುತ್ತದೆ. ದಾರಿ ತಪ್ಪಿದವನು ಹಿಂದಿರುಗಿ ಬಂದು ಮತ್ತೆ ಕೇಳಿದರೆ ಬುದ್ಧರು ಹೇಳದೆ ಇರುತ್ತಿದ್ದರೇ? ಅಂಗುಲಿಮಾಲನಿಗೆ ಇಲ್ಲ ಎನ್ನಲಿಲ್ಲ. ತುಳಿಯಲ್ಪಟ್ಟ ಸುನೀತನಿಗೆ ಇಲ್ಲ ಎನ್ನಲಿಲ್ಲ. ನಲವತ್ತೈದು ವರ್ಷ ಊರೂರು ನಡೆದದ್ದೇ ಮತ್ತೆ ಮತ್ತೆ ದಾರಿ ತೋರಲು. ಮಾರ್ಗದಾತ ಎಂದರೆ ಒಂದು ಸಲ ಹೇಳಿ ಕೈತೊಳೆದುಕೊಳ್ಳುವವನಲ್ಲ. ಕೇಳಿದಷ್ಟು ಸಲವೂ ಕೊಡುವವನು.

ಹಿರಿಯರ ಪ್ರಶ್ನೆಗೆ ಭಾನುವಾರ ಹೇಳಬೇಕಿದ್ದ ಉತ್ತರ ಇದು: ಶಿಷ್ಯ ಎಡವಿದಾಗ ಗುರುವಿನ ಕೆಲಸ ಮುಗಿಯುವುದಿಲ್ಲ. ಅಲ್ಲಿಂದ ಶುರುವಾಗುತ್ತದೆ.

*ದಾರಿಯೇ ಮುಚ್ಚಿದ್ದರೆ?*

ಇಲ್ಲಿ ಒಂದು ಎಚ್ಚರ ಬೇಕು. "ದಾರಿ ಇದೆ, ನಡೆಯದಿರುವುದು ನಿನ್ನ ತಪ್ಪು" ಎಂಬ ಮಾತನ್ನು ನಮ್ಮ ಮೇಲೆ ಎಷ್ಟು ಜನ ಬಳಸಿದ್ದಾರೆ. ಬೇಲಿ ಹಾಕಿದವರೇ ಬಂದು, ನೀವು ಯಾಕೆ ಮುಂದೆ ಬರಲಿಲ್ಲ ಎಂದು ಕೇಳಿದ್ದಾರೆ.

ಅಮೆರಿಕದ ಈ ಆಟದಲ್ಲೂ ಅದು ನಡೆದಿದೆ. ಅಲ್ಲಿನ ದಕ್ಷಿಣ ರಾಜ್ಯಗಳ ದೊಡ್ಡ ವಿಶ್ವವಿದ್ಯಾಲಯಗಳ ಒಕ್ಕೂಟವಾದ ಸೌತ್‌ಈಸ್ಟರ್ನ್ ಕಾನ್ಫರೆನ್ಸ್‌ನಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಒಬ್ಬ ಕಪ್ಪು ಆಟಗಾರನೂ ಫುಟ್‌ಬಾಲ್ ಪಂದ್ಯ ಆಡಿರಲಿಲ್ಲ. 1967ರ ಸೆಪ್ಟೆಂಬರ್ 30ರಂದು ಕೆಂಟಕಿ ವಿಶ್ವವಿದ್ಯಾಲಯದ ನೇಟ್ ನಾರ್ಥಿಂಗ್‌ಟನ್ ಮೊದಲು ಆಡಿದ. ಅವನ ಜೊತೆಗೆ ಸೇರಿದ್ದ ಇನ್ನೊಬ್ಬ ಕಪ್ಪು ಹುಡುಗ ಗ್ರೆಗ್ ಪೇಜ್ ಅಭ್ಯಾಸದಲ್ಲಿ ಪೆಟ್ಟಾಗಿ ಹಾಸಿಗೆ ಹಿಡಿದಿದ್ದ, ಹಿಂದಿನ ರಾತ್ರಿಯಷ್ಟೇ ತೀರಿಕೊಂಡಿದ್ದ. ಆ ದುಃಖ ಹೊತ್ತು ನಾರ್ಥಿಂಗ್‌ಟನ್ ಮೈದಾನಕ್ಕಿಳಿದ. ಅವನ ಮುಂಚಿನವರಿಗೆ ಓಡಲು ಕಾಲಿರಲಿಲ್ಲವೇ? ಇತ್ತು. ಬಾಗಿಲು ಇರಲಿಲ್ಲ.

ನಮ್ಮ ನೋವು, ಅವರ ನೋವು ಒಂದೇ ಜಾತಿಯದು ಎಂಬುದನ್ನು ಬಾಬಾಸಾಹೇಬರು ಕಂಡಿದ್ದರು. 1946ರಲ್ಲಿ ಅಲ್ಲಿನ ಕಪ್ಪು ಜನರ ಚಿಂತಕ ಡಬ್ಲ್ಯು.ಇ.ಬಿ. ಡುಬಾಯ್ಸ್ ಅವರಿಗೆ ಪತ್ರವನ್ನೂ ಬರೆದಿದ್ದರು. 1927ರ ಮಾರ್ಚ್ 20ರಂದು ಮಹಾಡ್‌ನ ಚವದಾರ್ ಕೆರೆಗೆ ಅವರು ಜನರನ್ನು ಕರೆದೊಯ್ದದ್ದು ಬರೀ ನೀರು ಕುಡಿಯಲು ಅಲ್ಲ. ಕಾಗದದ ಮೇಲೆ ತೆರೆದಿದ್ದ ದಾರಿಯನ್ನು ನೆಲದ ಮೇಲೆ ತೆರೆಯಲು. ಆದ್ದರಿಂದ ನಮಗೆ ಮಾರ್ಗದಾತ ಎಂದರೆ ಮೂರು ಕೆಲಸ: ಮುಚ್ಚಿದ ದಾರಿ ತೆರೆಸುವುದು, ತೆರೆದ ದಾರಿ ತೋರುವುದು, ಎಡವಿದವರಿಗೆ ಮತ್ತೆ ತೋರುವುದು. ಮೊದಲನೆಯದನ್ನು ಬಾಬಾಸಾಹೇಬರು ಜೀವ ತೇಯ್ದು ಮಾಡಿದರು. ಮೂರನೆಯದಾದರೂ ನಮ್ಮಿಂದ ಆಗಬೇಡವೇ?

*ನಾಲ್ಕು ದಿನ*

ಪರೀಕ್ಷೆ-2ಕ್ಕೆ ಹೆಸರು ಕೊಡಲು ಇನ್ನು ನಾಲ್ಕು ದಿನ ಇದೆ. ಇವತ್ತು ಸಂಜೆ ನಾನು ಆ ಪಂಕ್ಚರ್ ಅಂಗಡಿಗೆ ಹೋಗುತ್ತಿದ್ದೇನೆ. ಉಪದೇಶ ಮಾಡುವುದಿಲ್ಲ. ಮೊದಲು ಅವನ ಮುಂದೆ, "ಅವತ್ತು ನಾನು ಆಡಿದ ಮಾತು ತಪ್ಪು ಕಣೋ" ಎಂದು ಹೇಳಬೇಕು. ಎಲ್ಲರ ಎದುರಿಗೆ ಆಡಿದ್ದರಿಂದ ಇಲ್ಲಿ, ನಿಮ್ಮೆಲ್ಲರ ಎದುರಿಗೂ ಹೇಳುತ್ತಿದ್ದೇನೆ. ಆಮೇಲೆ ಅರ್ಜಿ ಕೊಡುತ್ತೇನೆ. ಬಳಗದಲ್ಲಿ ಗಣಿತ ಹೇಳಿಕೊಡಬಲ್ಲವರು ದಿನಕ್ಕೆ ಒಂದು ಗಂಟೆ ಕೊಡಲು ಸಾಧ್ಯವಾದರೆ ನನಗೆ ತಿಳಿಸಿ. ಬೆಳಿಗ್ಗೆ ಹಾಲು ಹಾಕಿ ಬಂದ ಮೇಲಿನ ಹೊತ್ತಾದರೆ ಅವನಿಗೆ ಅನುಕೂಲ.

ಅವನು ಬರೆಯುತ್ತಾನೋ ಇಲ್ಲವೋ ನನಗೆ ಗೊತ್ತಿಲ್ಲ. ಬರೆದರೆ ಪಾಸಾಗುತ್ತಾನೋ, ಅದೂ ಗೊತ್ತಿಲ್ಲ. ಪರೀಕ್ಷಾ ಕೊಠಡಿಯೊಳಗೆ ನಾನು ಹೋಗಲಾರೆ, ಗೆರೆಯ ಹೊರಗೆ ನಿಲ್ಲಬಲ್ಲೆ. ಆದರೆ ಈ ಸಲ ನಿಲ್ಲುತ್ತೇನೆ.

*ಇಂದಿನ ಅಭ್ಯಾಸ:* ನಿಮ್ಮ ಮಾತಿನಿಂದ ದೂರವಾದ ಒಬ್ಬರನ್ನು ನೆನಪಿಸಿಕೊಳ್ಳಿ. ಮಗ, ಸೊಸೆ, ಶಿಷ್ಯ, ಗೆಳೆಯ, ಯಾರೇ ಆಗಲಿ. ಅವರ ತಪ್ಪಿಗೆ ಕಾರಣವಾಗಿದ್ದ ಮೂರು ವಿಷಯಗಳನ್ನು ಕಾಗದದ ಮೇಲೆ ಬರೆಯಿರಿ. ಅದರಲ್ಲಿ ನಿಮ್ಮ ಪಾಲು ಇದ್ದರೆ ಅದನ್ನೂ ಬರೆಯಿರಿ. ಸಂಜೆಯೊಳಗೆ ಅವರಿಗೆ ಒಂದು ಫೋನ್ ಮಾಡಿ. ನೀವೇ ಎಡವಿದವರಾಗಿದ್ದರೆ, ನಿಮ್ಮ ಜಾಗ ಖಾಲಿ ಇದೆ, ಭಾನುವಾರ ಬನ್ನಿ. ಚಾಪೆಯನ್ನು ಈ ಸಲ ನಾನು ಹಾಸುತ್ತೇನೆ.

ಭವತು ಸಬ್ಬ ಮಂಗಲಂ.
ಸಾಧು, ಸಾಧು, ಸಾಧು.
ನಮೋ ಬುದ್ಧಾಯ. ಜೈ ಭೀಮ್.